ಧಮನಿಯ ಉಬ್ಬು: ನೋವಿಲ್ಲವೆಂಬ ನಿಶ್ಚಿಂತೆ ಸಲ್ಲದು

ಸೈಕಲ್ಲಿನ ಟ್ಯೂಬು ಒಂದೆಡೆ ಸವೆದಿದ್ದರೆ ಗಾಳಿಯ ಒತ್ತಡಕ್ಕೆ ಅಲ್ಲಿಯೇ ಉಬ್ಬುತ್ತದೆ. ಉಬ್ಬಿದಷ್ಟೂ ತೆಳುವಾಗಿ ಕೊನೆಗೊಮ್ಮೆ ಒಡೆಯುತ್ತದೆ. ಹೃದಯದಿಂದ ರಕ್ತವನ್ನು ಹೊತ್ತೊಯ್ಯುವ ಧಮನಿಗಳಲ್ಲಿಯೂ ಇಂತಹುದೇ ವಿಕಾರ ಉಂಟಾಗುವುದುಂಟು. ವೈದ್ಯರು ಇದನ್ನು ಅನ್ಯೂರಿಸಂ ಎನ್ನುತ್ತಾರೆ. ಒಡೆಯುವವರೆಗೆ ಬಹುಪಾಲು ನೋವನ್ನೇ ಕೊಡದಿರುವುದು ಈ ವ್ಯಾಧಿಯ ಕ್ರೌರ್ಯ.

ಧಮನಿಯು ಸುತ್ತಲೂ ಸಮನಾಗಿ ಹಿಗ್ಗುವುದು ಒಂದು ಬಗೆ. ಒಂದೇ ಪಕ್ಕಕ್ಕೆ ಚೀಲದಂತೆ ಜೋಲುವುದು ಇನ್ನೊಂದು. ಎದೆ ಮತ್ತು ಹೊಟ್ಟೆಯ ಮಹಾಧಮನಿ, ಮೆದುಳಿನ ಧಮನಿಗಳ ಕವಲು, ಮೊಣಕಾಲಿನ ಹಿಂಭಾಗ ಇವು ಅದರ ಮುಖ್ಯ ನೆಲೆಗಳು. ಹೊಟ್ಟೆಯಲ್ಲಿ ಸುಮಾರು 2 ಸೆಂ.ಮೀ. ವ್ಯಾಸವಿರಬೇಕಾದ ಮಹಾಧಮನಿ 3 ಸೆಂ.ಮೀ. ತಲುಪಿದರೆ ಅದನ್ನು ಉಬ್ಬೆಂದೇ ಪರಿಗಣಿಸುತ್ತಾರೆ. ಉಬ್ಬು ಒಡೆದರೆ ಒಳಗೇ ರಕ್ತಸ್ರಾವವಾಗುತ್ತದೆ. ಮೊಣಕಾಲಿನ ಉಬ್ಬಿನಲ್ಲಿ ರಕ್ತ ಹೆಪ್ಪುಗಟ್ಟಿ ಕಾಲಿಗೇ ಸಂಚಕಾರ ಬರಬಹುದು.

ಅಧಿಕ ರಕ್ತದೊತ್ತಡ, ಧಮನಿಯ ಗೋಡೆಯಲ್ಲಿ ಕೊಬ್ಬು ಶೇಖರವಾಗುವುದು, ವಂಶಪಾರಂಪರ್ಯ ದೌರ್ಬಲ್ಯ ಇವು ಕಾರಣಗಳು. ಎಲ್ಲಕ್ಕೂ ಮಿಗಿಲಾದುದು ಧೂಮಪಾನ. ಪುಣೆಯಿಂದ ಬೆಂಗಳೂರಿಗೆ ಸಾಗುವ ಹೆದ್ದಾರಿಯಲ್ಲಿ, ಗಡಿ ದಾಟಿ ಸ್ವಲ್ಪದೂರದಲ್ಲಿ ಸಿಗುವ ನಿಪ್ಪಾಣಿ, ಬೀಡಿ ತಂಬಾಕಿನ ಪೇಟೆಯೆಂದೇ ಹೆಸರಾದುದು. ಆ ಸೀಮೆಯಿಂದ ಬಂದ ಕುಟುಂಬಗಳಿಗೆ ಬೀಡಿಯ ಚಟ ಅಪರಿಚಿತವೇನಲ್ಲ.

ವಿಜ್ಞಾನಿ ಐನ್‌ಸ್ಟೈನ್ ಅವರ ಹೊಟ್ಟೆಯ ಮಹಾಧಮನಿಗೆ 1948ರಲ್ಲಿ ಶಸ್ತ್ರವೈದ್ಯ ನಿಸ್ಸೆನ್ ಅವರು ಸೆಲ್ಲೋಫೇನ್ ಸುತ್ತಿದ್ದರು. 1955ರಲ್ಲಿ ಉಬ್ಬು ಒಡೆದೇ ಅವರು ತೀರಿಕೊಂಡರು. ಇಂದು ಸ್ಥಿತಿ ಬದಲಾಗಿದೆ. ಸಣ್ಣ ಉಬ್ಬನ್ನು ಆಗಾಗ ಅಳೆದು ನೋಡಿದರೆ ಸಾಕು. ಪುರುಷರಲ್ಲಿ 5.5 ಸೆಂ.ಮೀ. ತಲುಪಿದಾಗ ಸಾಮಾನ್ಯವಾಗಿ ಕೃತಕ ನಾಳವನ್ನು ಜೋಡಿಸುತ್ತಾರೆ, ಇಲ್ಲವೆ ತೊಡೆಸಂದಿನ ಧಮನಿಯ ಮೂಲಕ ಒಳಗೊಂದು ನಾಳವನ್ನು ಕೂರಿಸುತ್ತಾರೆ. ಮೆದುಳಿನ ಉಬ್ಬಿಗೆ ಹೊರಗಿನಿಂದ ಕ್ಲಿಪ್ ಹಾಕಬಹುದು, ಒಳಗಿನಿಂದ ತಂತಿಯ ಸುರುಳಿ ತುಂಬಬಹುದು.

ಚಿಕಿತ್ಸೆಯಿದ್ದರೂ ಅದು ತಲುಪದಿರುವುದೇ ಚಿಂತೆಯ ವಿಷಯ. ವಿಮಾನ ನಗರದಂತಹ ಬಡಾವಣೆಗಳಲ್ಲಿ ನೆಲೆಸಿದ ಮಕ್ಕಳ ಮನೆಗೆ ಊರಿನಿಂದ ಹಿರಿಯರು ಬರುತ್ತಾರೆ. ಅವರ ವೈದ್ಯರ ಚೀಟಿಗಳು ಊರಿನ ಕಪಾಟಿನಲ್ಲಿಯೇ ಉಳಿಯುತ್ತವೆ. ರಕ್ತದೊತ್ತಡದ ಮಾತ್ರೆ ಮುಗಿದರೆ “ಊರಿಗೆ ಹೋದಮೇಲೆ ತಂದರಾಯಿತು” ಎಂಬ ಉತ್ತರ. ಕನ್ನಡವೊಂದನ್ನೇ ಬಲ್ಲ ತಾಯಿ “ತಲೆ ಒಮ್ಮೆಗೇ ಸಿಡಿದಂತಾಯಿತು” ಎಂದರೆ, ಅವಸರದ ಭಾಷಾಂತರದಲ್ಲಿ ಅದು ಬರಿಯ ತಲೆನೋವಾಗಿಬಿಡುತ್ತದೆ. ಮೆದುಳಿನ ಉಬ್ಬು ಒಡೆದುದಕ್ಕೆ ಆ “ಒಮ್ಮೆಗೇ” ಎಂಬ ಮಾತೇ ಮುಖ್ಯ ಸುಳಿವು!

ಆದುದರಿಂದ ಕನ್ನಡ ಸಂಘಗಳು ರಾಜ್ಯೋತ್ಸವದ ಸಭಾಂಗಣದಲ್ಲಿ ರಕ್ತದೊತ್ತಡ ಅಳೆಯುವ ಮೇಜೊಂದನ್ನು ಇಡುವುದು ಉಚಿತ. ಆಸ್ಪತ್ರೆಯಲ್ಲಿ ಹಿರಿಯರ ಮಾತನ್ನು ವೈದ್ಯರಿಗೆ ತಿಳಿಹೇಳಬಲ್ಲ ಸದಸ್ಯರ ಪಟ್ಟಿಯನ್ನೂ ಸಿದ್ಧಪಡಿಸಬೇಕು. ಎಂದಾದರೂ ಧೂಮಪಾನ ಮಾಡಿದ, 65 ದಾಟಿದ ಪುರುಷರು ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳುವುದು ಒಳಿತು. ಹಠಾತ್ತನೆ ಅಸಹನೀಯ ತಲೆನೋವು, ಅಥವಾ ಹೊಟ್ಟೆ, ಎದೆ, ಬೆನ್ನಿನಲ್ಲಿ ಸೀಳುವಂತಹ ನೋವು ಬಂದರೆ ಕಷಾಯಕ್ಕೆ ಕಾಯದೆ 108ಕ್ಕೆ ಕರೆಮಾಡಬೇಕು. ನಾಟಕ, ಸಂಗೀತಗಳಷ್ಟೇ ಮುತುವರ್ಜಿಯಿಂದ ಹಿರಿಯರ ಆರೋಗ್ಯವನ್ನೂ ಕಾಪಾಡುವುದು ಸಂಘಜೀವನದ ಕರ್ತವ್ಯವೇ ಸರಿ.