ತಂತ್ರಾಂಶದ ಕೈಪಿಡಿಯೂ ಅದರ ಪಾಲನೆಯೂ

ಪಹಣಿಯನ್ನು ಕೈಬರಹದಲ್ಲಿ ಬರೆಯುತ್ತಿದ್ದ ಕಾಲವು ಹೋಗಿ, ಭೂಮಿ ತಂತ್ರಾಂಶವು ಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಬೆಳೆ ಸಮೀಕ್ಷೆಯನ್ನು ರೈತರು ಸ್ವತಃ ಮೊಬೈಲಿನಲ್ಲಿ ದಾಖಲು ಮಾಡುವ ಏರ್ಪಾಡು 2020ನೆಯ ಇಸವಿಯಲ್ಲಿ ಬಂದಿತು. ಗ್ರಾಮದ ಮುಖಂಡರಾದ ತಮ್ಮ ಬಳಿಗೆ ನೆರೆಹೊರೆಯವರು ಬಂದು, "ಸ್ವಾಮಿ, ಇಲ್ಲಿ ಯಾವುದನ್ನು ಒತ್ತಬೇಕು?" ಎಂದು ಕೇಳುವುದು ಸಾಧಾರಣವಾದ ಸಂಗತಿಯು. ಆಗ ತೋರಿಸಲು ಒಂದು ಕೈಪಿಡಿಯಿರಬೇಕು. ತಂತ್ರಾಂಶವು ಆಗಾಗ್ಗೆ ಬದಲಾಗತಕ್ಕುದಾದ ಕಾರಣ, ಆ ಕೈಪಿಡಿಯು ಅಚ್ಚಿನ ಪುಸ್ತಕವಾಗಿರುವುದಕ್ಕಿಂತ ಜಾಲತಾಣದಲ್ಲಿರುವುದೇ ಮೇಲು.

ಜಾಲತಾಣವನ್ನು ಸ್ಥಾಪಿಸುವುದು ಕಷ್ಟವೇನೂ ಅಲ್ಲ, ಪಾಲಿಸುವುದೇ ಕಷ್ಟ. ಕೆರೆಯನ್ನು ಕಟ್ಟಿಸಿ ಹೂಳೆತ್ತಿಸದೆ ಬಿಟ್ಟರೆ ಏನಾಗುವುದೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಕೈಪಿಡಿಯ ವಿಷಯದಲ್ಲಾದರೋ ಹಾನಿಯು ಇನ್ನೂ ಹೆಚ್ಚು. ಹಳೆಯ ಪುಟವನ್ನು ನಂಬಿದ ರೈತನು ಬೇರೆ ಸರ್ವೆ ನಂಬರಿಗೆ ತನ್ನ ಬೆಳೆಯನ್ನು ದಾಖಲಿಸಿದರೆ, ವಿಮೆಯೂ ಪರಿಹಾರವೂ ತೊಡಕಿಗೆ ಬೀಳುತ್ತವೆ.

ಪೈಥಾನ್ ಎಂಬ ಗಣಕಭಾಷೆಯನ್ನು ನಡೆಸುವವರ ಪದ್ಧತಿಯು ಅನುಕರಣಯೋಗ್ಯವಾದುದು. ಅವರು ಕೈಪಿಡಿಯನ್ನು ಸಾದಾ ಬರಹದ ಕಡತಗಳಾಗಿ ತಂತ್ರಾಂಶದ ಮೂಲದೊಡನೆಯೇ ಇಟ್ಟಿರುತ್ತಾರೆ. 2008ರಲ್ಲಿ ಹೊರಬಂದ ಸ್ಫಿಂಕ್ಸ್ ಎಂಬ ಸಾಧನವು ಅವುಗಳಿಂದ ಪುಟಗಳನ್ನು ರಚಿಸುತ್ತದೆ. ತಂತ್ರಾಂಶವನ್ನು ಬದಲಾಯಿಸುವವರು ಅದೇ ಸಮಯದಲ್ಲಿ ಕೈಪಿಡಿಯನ್ನೂ ತಿದ್ದಲು ಇದರಿಂದ ಅನುಕೂಲವಾಗಿದೆ. ಒಂದೊಂದು ಆವೃತ್ತಿಗೂ ಬೇರೆ ಕೈಪಿಡಿಯುಂಟು. ಹೊಸದು ಬಂದಿತೆಂದು ಹಳೆಯದನ್ನು ಅಳಿಸುವುದಿಲ್ಲ. ಪುಟದಲ್ಲಿ ದಿನಾಂಕವನ್ನೂ, ತಪ್ಪು ಕಂಡರೆ ತಿಳಿಸುವ ದಾರಿಯನ್ನೂ ತೋರಿಸಿರುತ್ತಾರೆ. ಭಾಷಾಂತರಗಳಿಗೆ ಮೂಲದ ಪಕ್ಕದಲ್ಲೇ ಸ್ಥಾನ ಕೊಡುವ ನಿಯಮವನ್ನು 2017ರಲ್ಲಿ ರಚಿಸಿದರು. ಜಪಾನೀ, ಫ್ರೆಂಚ್ ಭಾಷೆಗಳಲ್ಲಿ ಈಗ ಆ ಕೈಪಿಡಿಯು ದೊರೆಯುತ್ತದೆ.

ಸರ್ಕಾರದ ತಂತ್ರಾಂಶಗಳಿಗೂ ಇದೇ ಕಟ್ಟುಪಾಡು ಬೇಕೆಂಬುದು ನಮ್ಮ ಅಭಿಪ್ರಾಯ. ಕನ್ನಡದ ಪುಟವನ್ನು ತಿದ್ದುವವರೆಗೂ ಹೊಸ ಆವೃತ್ತಿಯನ್ನು ಗುತ್ತಿಗೆದಾರರಿಂದ ಒಪ್ಪಿಕೊಳ್ಳಕೂಡದು. ಪಾಲನೆಗೆ ಒಬ್ಬ ಅಧಿಕಾರಿಯನ್ನು ಹೊಣೆ ಮಾಡಬೇಕು. ಎಲ್ಲರ ಕೆಲಸವೆಂದರೆ ಯಾರೂ ಮುಟ್ಟುವುದಿಲ್ಲ. ಪರದೆಯ ಚಿತ್ರಗಳನ್ನು ಪುಟ ತುಂಬ ಅಂಟಿಸುವ ಚಪಲವೊಂದುಂಟು. ಪರದೆಯು ಕೊಂಚ ಬದಲಾದರೂ ಆ ಚಿತ್ರಗಳೆಲ್ಲ ಸುಳ್ಳಾಗುವುವು. ಸಿಗ್ನಲ್ ಸರಿಯಾಗಿ ಸಿಕ್ಕದ ಹಳ್ಳಿಗಳಲ್ಲಿ ಅವು ತೆರೆಯುವುದೂ ನಿಧಾನ. ತಿಳಿಗನ್ನಡದ ನಾಲ್ಕು ವಾಕ್ಯಗಳು ಸಾಕು.

ತಾವೂ ಸುಮ್ಮನಿರಲಾಗದು. ಪುಟದ ಮಾತಿಗೂ ಪರದೆಗೂ ತಾಳೆಯಾಗದಿದ್ದಲ್ಲಿ, ಪುಟದ ಹೆಸರು, ತಂತ್ರಾಂಶದ ಆವೃತ್ತಿಯ ಸಂಖ್ಯೆ ಮತ್ತು ಕಂಡ ದಿನ, ಈ ಮೂರನ್ನು ಬರೆದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡತಕ್ಕದ್ದು.