ಗಡಿಯಾರಗಳ ಒಮ್ಮತ

ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿ ಕೇಂದ್ರದಿಂದ ನಾಡಿಗೆ ಪರಿಚಿತವಾದ ಊರು. ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಸರಳ ಬದುಕಿಗಾಗಿ ಸತ್ಯಾಗ್ರಹ ಹೂಡಿದುದೂ ಇಲ್ಲಿಯೇ. ಈ ಊರಿನ ಗಡಿಯಾರಗಳಲ್ಲಿ ಹಗಲು ಹನ್ನೆರಡು ಹೊಡೆದಾಗ ಸೂರ್ಯನಿನ್ನೂ ನಡುಬಾನಿಗೆ ಬಂದಿರುವುದಿಲ್ಲ. ಸರಾಸರಿ 23 ನಿಮಿಷಗಳು ಬೇಕು. ಭಾರತದ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸಿದರೆ, ಬದನವಾಳು ಅದಕ್ಕೆ ಆರು ಡಿಗ್ರಿಯಷ್ಟು ಪಶ್ಚಿಮಕ್ಕಿದೆ. ಡಿಗ್ರಿಯೊಂದಕ್ಕೆ ನಾಲ್ಕು ನಿಮಿಷಗಳ ಅಂತರ. ಎಂದರೆ, ಗೋಡೆಯ ಗಡಿಯಾರ ಹೇಳುವುದು ಸೂರ್ಯನ ಸಾಕ್ಷ್ಯವನ್ನಲ್ಲ, ಜನರ ಒಪ್ಪಂದವನ್ನು.

ಈ ಒಪ್ಪಂದ ಸುಲಭವಾಗಿ ಕೂಡಿಬರಲಿಲ್ಲ. ಒಂದು ಕಾಲಕ್ಕೆ ರೈಲುಗಳು ಮದರಾಸಿನ ವೇಳೆಯಂತೆ ಓಡುತ್ತಿದ್ದವು. 1906ರ ಜನವರಿ 1ರಂದು ಭಾರತೀಯ ಕಾಲಮಾನ ಜಾರಿಗೆ ಬಂದಿತಾದರೂ ಕಲಕತ್ತೆ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮ ತಮ್ಮ ವೇಳೆಯನ್ನು ಬಿಟ್ಟುಕೊಡಲಿಲ್ಲ.

ಇಂದು ಅದೇ ಒಮ್ಮತದ ಪ್ರಶ್ನೆ ಮನೆಯ ಮೂಲೆಯಲ್ಲಿ ಕುಳಿತ ರೌಟರ್ ಎಂಬ ಪುಟ್ಟ ಪೆಟ್ಟಿಗೆಯನ್ನು ಹೊಕ್ಕಿದೆ. ಅನೇಕ ರೌಟರುಗಳಲ್ಲಿ, ವಿದ್ಯುತ್ ಹೋದಾಗಲೂ ಕಾಲವನ್ನು ಎಣಿಸುವ ಬ್ಯಾಟರಿಯಿರುವುದಿಲ್ಲ. ದೀಪ ಆರಿ ಹತ್ತಿದೊಡನೆ ಅಂಥ ಪೆಟ್ಟಿಗೆ ನಿದ್ದೆಯಿಂದೆದ್ದ ಮಗುವಿನಂತೆ, 1970ರ ಜನವರಿ 1ರಿಂದಲೋ ಕಾರ್ಖಾನೆಯವರು ಬರೆದಿಟ್ಟ ಬೇರೊಂದು ದಿನದಿಂದಲೋ ಎಣಿಕೆ ತೊಡಗುತ್ತದೆ. ಅದಕ್ಕೆ ನಿಜವಾದ ವೇಳೆಯನ್ನು ಹೇಳಿಕೊಡಲು ಅಮೆರಿಕದ ಡೇವಿಡ್ ಮಿಲ್ಸ್ ಒಂದು ವಿಧಾನವನ್ನು ರೂಪಿಸಿದರು. 1985ರಲ್ಲಿ ಅದರ ವಿವರ ಪ್ರಕಟವಾಯಿತು.

ವಿಧಾನ ಸರಳವಾದುದು. ರೌಟರ್ ತನ್ನ ಗಡಿಯಾರದಲ್ಲಿ ಹತ್ತು ಗಂಟೆಗೆ ಸರಿಯಾಗಿ ದೂರದ ಸರ್ವರನ್ನು ವೇಳೆ ಕೇಳಿತೆನ್ನೋಣ. ಉತ್ತರ ಬಂದಾಗ ರೌಟರಿನಲ್ಲಿ ಹತ್ತು ಗಂಟೆ ಎರಡು ಸೆಕೆಂಡು. ಉತ್ತರ ಹೊರಟಾಗ ಸರ್ವರಿನಲ್ಲಿ ಹತ್ತು ಗಂಟೆ ಐದು ನಿಮಿಷ ಒಂದು ಸೆಕೆಂಡು. ಹೋಗಿಬರುವ ಹಾದಿಗೆ ಎರಡು ಸೆಕೆಂಡುಗಳಾದರೆ ಒಂದು ಕಡೆಗೆ ಒಂದೇ ಸೆಕೆಂಡು. ಅದನ್ನು ಕೂಡಿಸಿದರೆ ರೌಟರ್ ಐದು ನಿಮಿಷ ಹಿಂದಿದೆಯೆಂದು ತಿಳಿಯುತ್ತದೆ. ವಾಸ್ತವದಲ್ಲಿ ಈ ಪಯಣ ಸೆಕೆಂಡಿನ ಸಣ್ಣ ಅಂಶದಲ್ಲಿ ಮುಗಿಯುತ್ತದೆ. ಹೋಗುವ, ಬರುವ ಹಾದಿಗಳೆರಡೂ ಸಮವೆಂಬ ನಂಬಿಕೆಯೊಂದೇ ಇಲ್ಲಿ ಊಹೆ.

ಮನೆಯವರು ನೋಡಬೇಕಾದುದು ಮೂರು ಸಂಗತಿ. ಮೊದಲನೆಯದಾಗಿ, ಕಾಲವನ್ನು ತಾನಾಗಿ ಸರಿಪಡಿಸಿಕೊಳ್ಳುವ ಏರ್ಪಾಡು ನಡೆಯುತ್ತಿರಬೇಕು. ಒಂದರ ಬದಲು ಮೂರು ನಾಲ್ಕು ಸರ್ವರುಗಳ ಹೆಸರಿದ್ದರೆ, ತಪ್ಪು ಹೇಳಿದವನು ಉಳಿದವರ ನಡುವೆ ಸಿಕ್ಕಿಬೀಳುತ್ತಾನೆ. ಎರಡನೆಯದಾಗಿ, ಸರ್ವರ್ ಕೊಡುವುದು ಜಾಗತಿಕ ವೇಳೆ. ಅದಕ್ಕೆ ಐದೂವರೆ ಗಂಟೆ ಕೂಡಿಸುವಂತೆ ಭಾರತದ ವಲಯವನ್ನು ಆರಿಸಬೇಕು. ಮೂರನೆಯದಾಗಿ, ಬೇಸಗೆಯಲ್ಲಿ ಗಡಿಯಾರವನ್ನು ಮುಂದೂಡುವ ಪರದೇಶದ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಆ ಆಯ್ಕೆಯನ್ನು ಮುಚ್ಚಿಡಬೇಕು.

ಇಷ್ಟೆಲ್ಲ ಶ್ರಮ ಏಕೆಂದು ಯಾರಾದರೂ ಕೇಳಬಹುದು. ಹಣ ಕಳೆದುಕೊಂಡ ಗೃಹಸ್ಥನೊಬ್ಬನು ಠಾಣೆಯ ಮೆಟ್ಟಿಲು ಹತ್ತಿದನೆನ್ನಿ. ಬ್ಯಾಂಕಿನ ದಾಖಲೆ ರಾತ್ರಿ ಎರಡು ಗಂಟೆಯೆನ್ನುತ್ತದೆ. ಮನೆಯ ರೌಟರಿನ ದಾಖಲೆ 1970ನೆಯ ಇಸವಿಯೆನ್ನುತ್ತದೆ. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಲಾಗದಿದ್ದರೆ ನಿರಪರಾಧಿಯ ಸಾಕ್ಷ್ಯವೂ ಹುರುಳು ಕಳೆದುಕೊಳ್ಳುತ್ತದೆ. ಭಾರತ ಸರ್ಕಾರದ ಗಣಕ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದ ಹಿಂದಿರುವುದೂ ಇದೇ ಚಿಂತೆ. ಸರ್ಕಾರಿ ಕಚೇರಿಗಳು, ಕಂಪನಿಗಳು, ಸೇವಾ ಸಂಸ್ಥೆಗಳು ರಾಷ್ಟ್ರೀಯ ಸೂಚನಾ ಕೇಂದ್ರದ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸರ್ವರುಗಳಿಗೆ, ಇಲ್ಲವೇ ಅವುಗಳನ್ನು ಅನುಸರಿಸುವ ಸರ್ವರುಗಳಿಗೆ, ತಮ್ಮ ಗಡಿಯಾರಗಳನ್ನು ಹೊಂದಿಸಬೇಕೆಂದು ಅದು ವಿಧಿಸಿತು. ಆ ಪ್ರಯೋಗಾಲಯವೇ ಪರಮಾಣು ಗಡಿಯಾರಗಳ ನೆರವಿನಿಂದ ದೇಶದ ಕಾಲವನ್ನು ಕಾಯುತ್ತದೆ.

ಖಾದಿಯ ಬಟ್ಟೆಗೆ ಬೇರೆ ಬೇರೆ ಕೈಗಳು ನೂತ ನೂಲು ಸೇರುತ್ತದೆ. ಎಳೆಗಳು ಒಂದಕ್ಕೊಂದು ಹೊಂದದಿದ್ದರೆ ನೆಯ್ಗೆ ನಿಲ್ಲದು. ಬದನವಾಳಿನ ಸೂರ್ಯನು ತನ್ನ ಪಾಡಿಗೆ 23 ನಿಮಿಷ ತಡವಾಗಿ ಬರಲಿ. ಅವನನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ. ಮೂಲೆಯ ಪೆಟ್ಟಿಗೆಗೆ ಆ ಸಲಿಗೆ ಸಲ್ಲದು.