ಹೆಸರಿಲ್ಲದ ಉಳಿ

ಕೃತಿಗಿಂತ ಮೊದಲು ಕರ್ತೃವಿನ ಹೆಸರನ್ನು ಕೇಳುವುದು ಸಾಹಿತ್ಯವನ್ನೋದುವ ನಮಗೆ ಅಭ್ಯಾಸವಾಗಿಬಿಟ್ಟಿದೆ. ವಸ್ತುಸಂಗ್ರಹಾಲಯಕ್ಕೂ ಈ ಅಭ್ಯಾಸವನ್ನೇ ಕೊಂಡೊಯ್ಯುತ್ತೇವೆ. ಕಲ್ಲಿನ ಕೆಳಗಣ ಚೀಟಿಯಲ್ಲಿ ರಾಜವಂಶ, ಶತಮಾನ, ದೊರೆತ ಊರು ಇಷ್ಟನ್ನು ಓದಿ, ಶಿಲ್ಪಿಯ ಹೆಸರಿಲ್ಲವೆಂದ ಕೂಡಲೆ ಮುಂದಕ್ಕೆ ನಡೆಯುತ್ತೇವೆ. ಶಿಲ್ಪವನ್ನು ನೋಡುವ ಕೆಲಸ ಮಾತ್ರ ಉಳಿದೇಹೋಗುತ್ತದೆ.

ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರು ಶಾಸನವನ್ನೇ ತೆಗೆದುಕೊಳ್ಳೋಣ. ಕ್ರಿ.ಶ. 950ರ ಸುಮಾರಿನ ಈ ಕಲ್ಲಿನಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದ ಕಾಳಗವೂ ಇವೆ. ತನ್ನ ಪರಾಕ್ರಮಕ್ಕೆ ಮೆಚ್ಚಿದ ಬೂತುಗನಿಂದ ಮಣಲೆರನು ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಆ ನೆನಪಿಗೆ ನಿಂತದ್ದು ಈ ಕಲ್ಲು. ಅರಸರ ಹೆಸರು ಉಳಿಯಿತು, ಬಂಟನ ಹೆಸರು ಉಳಿಯಿತು, ನಾಯಿಯ ಹೆಸರೂ ಉಳಿಯಿತು. ನಾಯಿಯನ್ನೂ ಹಂದಿಯನ್ನೂ ಕಲ್ಲಿನಲ್ಲಿ ಕಾದಾಡಿಸಿದವನ ಹೆಸರು ಮಾತ್ರ ನಮಗೆ ತಲುಪಲಿಲ್ಲ. ತರಗತಿಯಲ್ಲಿ ನಾವು ಈ ಶಾಸನದ ಅಕ್ಷರಗಳನ್ನು ಓದಿಸುತ್ತೇವೆ, ಚಿತ್ರವನ್ನು ಓದಿಸುವುದಿಲ್ಲ.

ಹೆಸರೇ ಬೇಡವೆಂದು ನಾನು ಹೇಳುತ್ತಿಲ್ಲ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಅಂಕಿತ ಹಲವೆಡೆ ಇರುವುದರಿಂದಲೇ ಅವನ ಕೈವಾಡವನ್ನು ಹೋಲಿಸಿ ನೋಡುವುದು ಸಾಧ್ಯವಾಗಿದೆ. ಅಂಕಿತವಿಲ್ಲದೆಡೆ ಆ ಹೊಣೆ ನಮ್ಮ ಕಣ್ಣಿನದು. ಮೈಯ ಬಾಗು, ಕಡೆತದ ಆಳ, ಬರಿದಾಗಿ ಬಿಟ್ಟ ಜಾಗ ಇವನ್ನು ಗಮನಿಸಿ ಒಂದು ಕಲ್ಲನ್ನು ಇನ್ನೊಂದರೊಡನೆ ಹೋಲಿಸಬೇಕು. ಸಹೃದಯತೆಯ ನಿಜವಾದ ಪರೀಕ್ಷೆ ಅಲ್ಲಿ.

ಕೊಡಗಿನವರಿಗೆ ಇದು ಹೊಸ ಪಾಠವಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿ ನಾಡಿನ ಹಾಡುಗಳನ್ನು ಉಳಿಸಿಕೊಟ್ಟರು. ಅವನ್ನು ಮೊದಲು ಕಟ್ಟಿದವರ ಹೆಸರು ತಿಳಿಯದೆಂದು ಆ ಹಾಡುಗಳ ಗೌರವ ಕುಂದಲಿಲ್ಲ. ಹಾಡಿಗೆ ಸಂದ ಈ ನ್ಯಾಯ ಕಲ್ಲಿಗೇಕೆ ಸಲ್ಲಬಾರದು?

ಇದು ಬರಿಯ ರಸಿಕತೆಯ ಮಾತಲ್ಲ. ಸಂಗ್ರಹಾಲಯವನ್ನು ಸೇರಿದ ಕಲ್ಲಿಗೆ ಸೂರಾದರೂ ಇದೆ; ಹೊಲಗದ್ದೆಗಳಲ್ಲಿ ಉಳಿದವಕ್ಕೆ ನೋಡುವ ಕಣ್ಣೊಂದೇ ಕಾವಲು. ಹೆಸರನ್ನಷ್ಟೇ ಗೌರವಿಸಲು ಕಲಿತ ಹುಡುಗ ನಾಳೆ ತನ್ನ ಗದ್ದೆಯ ಬದುವಿನ ವೀರಗಲ್ಲನ್ನು ಬಟ್ಟೆ ಒಗೆಯುವ ಕಲ್ಲಾಗಿ ಮಾಡಿಕೊಂಡಾನು.

ನಮ್ಮ ತಿತಿಮತಿಯಿಂದ ಗೋಣಿಕೊಪ್ಪಲು, ವಿರಾಜಪೇಟೆಗಳನ್ನು ಹಾದು ಹೋದರೆ ಮಡಿಕೇರಿ; ಅಲ್ಲಿಯ ಕೋಟೆಯೊಳಗಣ ಹಳೆಯ ಇಗರ್ಜಿಯಲ್ಲಿಯೇ ಸರಕಾರಿ ವಸ್ತುಸಂಗ್ರಹಾಲಯವಿದೆ. ಅಧ್ಯಾಪಕ ಮಿತ್ರರಲ್ಲಿ ನನ್ನ ಅರಿಕೆ ಇಷ್ಟೆ: ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ ಒಂದೊಂದು ಕಲ್ಲಿನ ಮುಂದೆ ಕಾಲುಗಂಟೆ ನಿಲ್ಲಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲಿ ಬರೆಯಿಸಿರಿ. ಚೀಟಿಯನ್ನು ಆಮೇಲೆ ಓದಲಿ.